ಎಸ್‌ಎಸ್‌ಎಲ್‌ಸಿ ಅಳತೆಗೋಲು ಮತ್ತು 2025ರ ಬ್ಯಾಚ್ ಹಾದುಬಂದ ದಾರಿ

2021ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 99.99. 2024ರಲ್ಲಿ ಶೇ 73.40. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ನಾಲ್ಕೇ ವರ್ಷದಲ್ಲಿ ಮಕ್ಕಳು ಇಷ್ಟು ಹಿಂದೆ ಬಿದ್ದರಾ? ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರಿಗೆ ಹಾಗೇ ಅನಿಸುತ್ತದೆ. ಆದರೆ ಆ ನಾಲ್ಕು ವರ್ಷದಲ್ಲಿ ಪ್ರಶ್ನೆ ಕೇಳುವ ರೀತಿ, ಕೃಪಾಂಕ (ಗ್ರೇಸ್ ಮಾರ್ಕ್ಸ್) ಕೊಡುವ ಲೆಕ್ಕ, ಪರೀಕ್ಷಾ ಕೊಠಡಿಯ ಕಾವಲು, ಎಲ್ಲವೂ ಬದಲಾಗಿವೆ. ನಡುವೆ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಇದೆಯಂತೆ, ಇಲ್ಲವಂತೆ ಎಂಬ ಗೊಂದಲ ಬೇರೆ. ಈಗ ಪಾಸಾಗೋಕೆ 33 ಸಾಕಂತೆ ಎಂಬ ಮಾತು. ತಂದೆ ತಾಯಿ ಹೋಗಲಿ, ಪಾಠ ಮಾಡುವ ಮೇಷ್ಟ್ರುಗಳೇ ಯಾವ ವರ್ಷ ಯಾವ ನಿಯಮ ಎಂದು ನೆನಪಿಸಿಕೊಂಡು ಹೇಳಬೇಕಾಗಿದೆ.

ಈ ಗಂಟು ಇವತ್ತಿನದಲ್ಲ. ಉತ್ತರ ಕರ್ನಾಟಕದ ಹಿರಿಯರು ಈಗಲೂ ಮುಲ್ಕಿ ಎಂಬ ಹಳೇ ಪಬ್ಲಿಕ್ ಪರೀಕ್ಷೆಯ ಮಾತಾಡುತ್ತಾರೆ. ಹಳೇ ಮೈಸೂರಿನವರು ಎಲ್‌ಎಸ್, ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ ನೆನಪಿಸಿಕೊಳ್ಳುತ್ತಾರೆ. 1956ರಲ್ಲಿ ರಾಜ್ಯ ಒಂದಾಯಿತು, 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂತು, ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಒಂದು ತಲೆಮಾರನ್ನು ನಡುಗಿಸಿ ಹೋಯಿತು.

ಆಮೇಲೆ ಗಾಳಿ ಬೇರೆ ಕಡೆ ಬೀಸಿತು. ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲದ ಬಗ್ಗೆ ಮಾತಾಡಿದರು. ವಿಜ್ಞಾನಿ ಯಶಪಾಲ್ ನೇತೃತ್ವದ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದೆ ಕಲಿಯುವ ಭಾರ ದೊಡ್ಡದು ಎಂಬುದು ಅದರ ತಿರುಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ ಕಲಿ ಶುರುವಾಯಿತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಎಂಟನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡುವಂತಿಲ್ಲ, ಬೋರ್ಡ್ ಪರೀಕ್ಷೆ ಇಡುವಂತಿಲ್ಲ ಎಂದು ಅದು ಹೇಳಿತು. ಜೊತೆಗೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಆಗಬೇಕು ಅಂತಲೂ ಹೇಳಿತು.

ಎರಡೂ ಒಟ್ಟಿಗೆ ಇದ್ದರೆ ಮಾತ್ರ ಇದಕ್ಕೆ ಅರ್ಥ. ಫೇಲ್ ಮಾಡಬೇಡಿ, ಆದರೆ ಮಗು ಎಲ್ಲಿ ತಡವರಿಸುತ್ತಿದೆ ಎಂದು ಆಗಾಗ ನೋಡಿ, ಅಲ್ಲೇ ಕೈ ಹಿಡಿಯಿರಿ. ಮೊದಲ ಅರ್ಧ ಸುಲಭವಾಗಿ ಜಾರಿಗೆ ಬಂತು. ಎರಡನೇ ಅರ್ಧ ದಾಖಲೆ ಪುಸ್ತಕಕ್ಕೆ ಹೋಗಿ ಕೂತಿತು. ನಾಲ್ಕು ಎಫ್‌ಎ (ಪಾಠದ ನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ), ಪ್ರತಿ ವಿಷಯಕ್ಕೂ ಚಟುವಟಿಕೆ, ಪ್ರತಿ ಮಗುವಿಗೂ ಗ್ರೇಡ್. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಇದನ್ನೆಲ್ಲ ತುಂಬಿಸುವುದರಲ್ಲೇ ಸಂಜೆಯಾಗುತ್ತದೆ. ಭಾಗಾಕಾರ ಬಾರದ ಮಗುವಿಗೆ ಬಿ ಗ್ರೇಡ್ ಬೀಳುತ್ತದೆ. ಮಗು ಮುಂದಿನ ತರಗತಿಗೆ ಹೋಗುತ್ತದೆ.

ಇದೆಲ್ಲ ಒಂದು ಮಗುವಿನ ಮೇಲೆ ಹೇಗೆ ಬೀಳುತ್ತದೆ ಎಂದು ತಿಳಿಯಬೇಕಾದರೆ 2025ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆದ ಬ್ಯಾಚನ್ನು ನೋಡಬೇಕು. ಇವರು ಒಂದನೇ ತರಗತಿಗೆ ಸೇರಿದ್ದು 2015ರಲ್ಲಿ. ಮೂರನೇ ತರಗತಿಗೆ ಬಂದಾಗ ಪಠ್ಯಪುಸ್ತಕ ಪರಿಷ್ಕರಣೆ. ಐದನೇ ತರಗತಿಯ ಕೊನೆಗೆ ಕೋವಿಡ್, ಪರೀಕ್ಷೆಯಿಲ್ಲದೆ ಪಾಸು. ಆರನೇ ತರಗತಿಯ ಬಹುಪಾಲು ಶಾಲೆ ಬಾಗಿಲು ಮುಚ್ಚಿತ್ತು. ಕೆಲವು ವಾರ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆಯಲ್ಲಿ ಮೇಷ್ಟ್ರು ಊರ ಗುಡಿಯ ಕಟ್ಟೆ ಮೇಲೆ, ಮರದ ಕೆಳಗೆ ಕೂರಿಸಿ ಪಾಠ ಮಾಡಿದರು. ಫೋನ್ ಇದ್ದ ಮನೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಸಿಕ್ಕಿತು. ಇಲ್ಲದ ಮಕ್ಕಳು ದನ ಮೇಯಿಸಿದರು, ತಮ್ಮ ತಂಗಿಯರನ್ನು ನೋಡಿಕೊಂಡರು. ದಶಮಾಂಶ, ಭಿನ್ನರಾಶಿ ಗಟ್ಟಿಯಾಗಬೇಕಾದ ವಯಸ್ಸು ಅದು.

ಎಂಟನೇ ತರಗತಿ, 2022-23. ಹೋದದ್ದನ್ನು ತುಂಬಿಕೊಳ್ಳಲು ಇಲಾಖೆ ಕಲಿಕಾ ಚೇತರಿಕೆ ತಂದಿತು, ಕಲಿಕಾ ಹಾಳೆಗಳು ಬಂದವು. ಒಳ್ಳೆಯ ಕೆಲಸ, ಇದನ್ನು ಮನಸಾರೆ ಹೇಳುತ್ತೇನೆ. ಅದೇ ವರ್ಷ ಪಠ್ಯಪುಸ್ತಕದ ಜಗಳ ಬೀದಿಗೆ ಬಂತು. ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂದು ಟಿವಿಯಲ್ಲಿ ವಾದ ನಡೆಯಿತು, ಪರಿಷ್ಕರಣೆ ಮಾಡಿದ ಸಮಿತಿಯನ್ನು ಜೂನ್‌ನಲ್ಲಿ ವಿಸರ್ಜಿಸಲಾಯಿತು. ಮರುವರ್ಷ ಸರ್ಕಾರ ಬದಲಾಯಿತು. ಈ ಮಕ್ಕಳು ಒಂಬತ್ತನೇ ತರಗತಿಯಲ್ಲಿದ್ದಾಗ, ಹಂಚಿಯಾಗಿದ್ದ ಪುಸ್ತಕಕ್ಕೆ ತಿದ್ದುಪಡಿ ಬಂತು. ಯಾವ ಪಾಠ ಬೇಕು ಎಂಬುದು ನಿಜಕ್ಕೂ ದೊಡ್ಡ ಪ್ರಶ್ನೆ. ಆದರೆ ಆ ಪಾಠವನ್ನು ತಡವರಿಸದೆ ಓದಬಲ್ಲ ಮಕ್ಕಳು ತರಗತಿಯಲ್ಲಿ ಎಷ್ಟಿದ್ದಾರೆ ಎಂಬ ಪ್ರಶ್ನೆಗೆ ಅಷ್ಟು ಹೊತ್ತು ಯಾರೂ ಕೊಡಲಿಲ್ಲ.

ಈಗ ಮೌಲ್ಯಾಂಕನದ, ಅಂದರೆ ಆ 5, 8, 9ನೇ ತರಗತಿಯ ಪರೀಕ್ಷೆಯ ಕಥೆ. 2019ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾಗಿ, 5 ಮತ್ತು 8ನೇ ತರಗತಿಗೆ ಪರೀಕ್ಷೆ ನಡೆಸಲು ಅವಕಾಶ ಸಿಕ್ಕಿತ್ತು. ಅದನ್ನು ಹಿಡಿದು 2022ರ ಡಿಸೆಂಬರ್‌ನಲ್ಲಿ ರಾಜ್ಯಮಟ್ಟದ ಮೌಲ್ಯಾಂಕನ ಎಂದು ಸುತ್ತೋಲೆ ಬಂತು. ಇದು ಪಬ್ಲಿಕ್ ಪರೀಕ್ಷೆ ಅಲ್ಲ, ಯಾರೂ ಫೇಲ್ ಆಗಲ್ಲ ಎಂದು ಇಲಾಖೆ ಹೇಳಿತು. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಸುತ್ತೋಲೆ ರದ್ದು ಮಾಡಿತು. ಐದೇ ದಿನದಲ್ಲಿ ವಿಭಾಗೀಯ ಪೀಠ, ಯಾರನ್ನೂ ಫೇಲ್ ಮಾಡಬಾರದು, ಪಠ್ಯ ಬಿಟ್ಟು ಕೇಳಬಾರದು ಎಂದು ಹೇಳಿ ಒಪ್ಪಿಗೆ ಕೊಟ್ಟಿತು. ಮಾರ್ಚ್ 13ಕ್ಕೆ ಆಗಬೇಕಿದ್ದ ಪರೀಕ್ಷೆ 27ಕ್ಕೆ ಶುರುವಾಯಿತು.

ಮರುವರ್ಷ ಒಂಬತ್ತನೇ ತರಗತಿಯೂ ಸೇರಿತು. ಅಂದರೆ ಇದೇ ಬ್ಯಾಚ್ ಮತ್ತೆ ಕೂರಬೇಕಾಯಿತು. 2024ರ ಮಾರ್ಚ್ 6ಕ್ಕೆ ಹೈಕೋರ್ಟ್ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠದ ತಡೆ. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟಿತು, 25ರಿಂದ ಉಳಿದ ಪತ್ರಿಕೆ ಬರೆದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಿಸಬೇಡಿ ಎಂದಿತು. ಹದಿನಾಲ್ಕು ವರ್ಷದ ಮಗು ನಾಳೆ ಗಣಿತ ಓದಬೇಕಾ ಬೇಡವಾ ಎಂದು ರಾತ್ರಿ ಒಂಬತ್ತರ ವಾರ್ತೆ ನೋಡಿ ತಿಳಿದುಕೊಳ್ಳುವ ಸ್ಥಿತಿ ಬರಬಾರದಿತ್ತು. ಕಾನೂನಿನ ಪ್ರಶ್ನೆ ಇದ್ದದ್ದು ಇಷ್ಟೇ: ನಿಯಮ ರೂಪಿಸುವ ದಾರಿ ಬಿಟ್ಟು ಬರೀ ಸುತ್ತೋಲೆ, ಅಧಿಸೂಚನೆಯಿಂದ ಇಂಥ ಪರೀಕ್ಷೆ ತರಬಹುದೇ? ಇದನ್ನು ಜೂನ್‌ನಲ್ಲೇ, ಶಾಲೆ ಶುರುವಾಗುವ ಹೊತ್ತಿಗೇ ಬಗೆಹರಿಸಿಕೊಳ್ಳಬಹುದಿತ್ತು ಅಲ್ವಾ?

ಅತ್ತ ಎಸ್‌ಎಸ್‌ಎಲ್‌ಸಿಯಲ್ಲೂ ಬದಲಾವಣೆ ನಡೆದಿತ್ತು. 2021ರ ಆ ಶೇ 99.99 ಬಂದದ್ದು ಎರಡೇ ದಿನದ, ಉತ್ತರಕ್ಕೆ ಗುರುತು ಹಾಕುವ ಓಎಂಆರ್ ಪರೀಕ್ಷೆಯಿಂದ. ಅದು ಆಪತ್ಕಾಲದ ಏರ್ಪಾಡು, ತಪ್ಪೆನ್ನಲಾಗದು. ಆದರೆ ಅದನ್ನೂ ಫಲಿತಾಂಶದ ಅದೇ ಪಟ್ಟಿಯಲ್ಲಿ ಇಟ್ಟು ಹೋಲಿಸುತ್ತಾ ಬಂದೆವು. 2024ರಿಂದ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಬಂದವು, ಮೂರರಲ್ಲಿ ಜಾಸ್ತಿ ಬಂದ ಅಂಕ ಉಳಿಯುತ್ತದೆ. ಮಕ್ಕಳ ಭಯ ಕಡಿಮೆ ಮಾಡಿದ ಕ್ರಮ ಇದು. ಅದೇ ವರ್ಷ ಕೊಠಡಿಗಳಿಗೆ ಕ್ಯಾಮೆರಾ ಬಂತು, ಪರೀಕ್ಷೆಯನ್ನು ನೇರವಾಗಿ ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್. ನಕಲು ನಿಂತಿತು, ಫಲಿತಾಂಶ ಕುಸಿಯಿತು. ಆಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಆ ಶೇ 73.40 ಹಾಗೆ ಆದದ್ದು. ಕೃಪಾಂಕ ಬಿಟ್ಟರೆ 54ರ ಆಸುಪಾಸು.

2025ರಲ್ಲಿ ಕ್ಯಾಮೆರಾ ಉಳಿಯಿತು, ಆ ಹೆಚ್ಚುವರಿ ಕೃಪಾಂಕ ಹೋಯಿತು. ಅಂದರೆ ಶೇ 54ರಿಂದ 62ಕ್ಕೆ ಮಕ್ಕಳು ಮೇಲೇರಿದ್ದಾರೆ. ನಮ್ಮ ಬ್ಯಾಚ್ ಅದು, ಆರನೇ ತರಗತಿಯನ್ನು ಗುಡಿ ಕಟ್ಟೆಯ ಮೇಲೆ ಕಳೆದವರು. ಇಷ್ಟೆಲ್ಲ ದಾಟಿ ಅವರು ಮೇಲೇರಿದ್ದನ್ನು ಕುಸಿತ ಎಂದು ಓದಿದೆವು. ಆದರೂ ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43. ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ಕ್ಯಾಮೆರಾ.

ಫಲಿತಾಂಶ ಇಳಿದಾಗ ಶಾಲೆಗಳ ಮೇಲೆ ಬೀಳುವ ಒತ್ತಡ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದೆ. ಜನವರಿಯ ಸಂಜೆ, ವಿಶೇಷ ತರಗತಿ. ಹುಡುಗನೊಬ್ಬನ ಕೈಯಲ್ಲಿ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಟ್ಟ ಪ್ರಶ್ನೆಗಳು. ನಾಲ್ಕು ಹಾಳೆಯ ಜೆರಾಕ್ಸ್, ಮಡಿಸಿ ಮಡಿಸಿ ಅಂಚು ಹರಿದಿದೆ. ವಿಜ್ಞಾನಕ್ಕೆ ಹೃದಯದ ಚಿತ್ರ, ಗಣಿತಕ್ಕೆ ಥೇಲ್ಸ್ ಪ್ರಮೇಯ, ಸಮಾಜಕ್ಕೆ ಭಾರತದ ನಕ್ಷೆ. ಅವನು ಸ್ಕೇಲಿಲ್ಲದೆ ಎರಡು ನಿಮಿಷದಲ್ಲಿ ಭಾರತ ಬರೆದ. ನಡುವೆ ಉದ್ದ ಗೆರೆ ಎಳೆದು 82½° ಪೂರ್ವ ಎಂದು ಗುರುತಿಸಿದ. ಆ ಗೆರೆ ಯಾಕೆ ಮುಖ್ಯ ಎಂದು ಕೇಳಿದೆ. "ಒಂದು ಮಾರ್ಕು ಸಾರ್" ಅಂದ. ದೇಶದ ಎಲ್ಲ ಗಡಿಯಾರಗಳೂ ಆ ಗೆರೆಗೆ ಹೊಂದಿಕೊಂಡು ನಡೆಯುತ್ತವೆ ಎಂದಾಗ ಗೋಡೆಯ ಗಡಿಯಾರದ ಕಡೆ ತಿರುಗಿ ನೋಡಿದ. ಅವನ ಮೇಷ್ಟ್ರನ್ನು ನಾನು ದೂರುವುದಿಲ್ಲ. ಹತ್ತನೇ ತರಗತಿಗೆ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಹತ್ತು ತಿಂಗಳು ಮಾತ್ರ.

ಈಗ ಅಳತೆಗೋಲು ಮತ್ತೆ ಸರಿದಿದೆ. 2025-26ರಿಂದ ಪಾಸಿಗೆ ಶೇ 35ರ ಬದಲು 33. ಒಟ್ಟು 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30. ಸಿಬಿಎಸ್‌ಇಯಲ್ಲಿ 33 ಇರುವಾಗ ನಮ್ಮ ಮಕ್ಕಳಿಗೆ ಯಾಕೆ 35 ಎಂಬ ವಾದದಲ್ಲಿ ನ್ಯಾಯವಿದೆ. ಇತ್ತ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದೆ. ದ್ವಿಭಾಷಾ ಸೂತ್ರ, ಐದನೇ ತರಗತಿವರೆಗೆ ಮಾತೃಭಾಷೆಯಲ್ಲಿ ಕಲಿಕೆ ಅದರ ಶಿಫಾರಸುಗಳಲ್ಲಿ ಸೇರಿವೆ.

2023ರ ಮಾರ್ಚ್‌ನಲ್ಲಿ ಐದನೇ ತರಗತಿಯ ಮೌಲ್ಯಾಂಕನ ಬರೆದ ಮಕ್ಕಳು 2028ರ ಮಾರ್ಚ್‌ಗೆ ಎಸ್‌ಎಸ್‌ಎಲ್‌ಸಿಗೆ ಕೂರುತ್ತಾರೆ. ಯಾರಿಗೆ ಭಾಗಾಕಾರ ಬರುವುದಿಲ್ಲ, ಯಾರು ಒಂದು ಸಾಲು ಓದಲು ತಡವರಿಸುತ್ತಾರೆ ಎಂಬುದು ಆ ಉತ್ತರಪತ್ರಿಕೆಗಳಲ್ಲೇ ಇತ್ತು.