ಸೆಕೆಯಲ್ಲೂ ಚಳಿ: ಪಿಟ್ಯುಟರಿ ಸೋತಾಗ ಥೈರಾಯ್ಡ್

ಏಪ್ರಿಲ್ ತಿಂಗಳ ಉಡುಪಿಯ ಸೆಕೆಗೆ ಮನೆಯವರೆಲ್ಲ ಫ್ಯಾನಿನಡಿ ಕುಳಿತಿರುವಾಗ ಒಬ್ಬಾಕೆ ಮಾತ್ರ ಚಳಿಯೆಂದು ಕಂಬಳಿ ಹೊದ್ದುಕೊಂಡರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಂಜೆ ತಂದ ವರದಿಯಲ್ಲಿ ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನಾದ ಟಿಎಸ್‌ಎಚ್ 2.1 ಎಂದಿದ್ದರೆ, ಮಿತಿಯೊಳಗಿದೆಯಲ್ಲ ಎಂದು ಕಾಗದ ಮಡಚಿಡುವುದು ಸಹಜ. ಹೆಚ್ಚಿನವರ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಪಿಟ್ಯುಟರಿ ಗ್ರಂಥಿಗೇ ಕಾಯಿಲೆಯಿರುವವರಲ್ಲಿ ಆ ಒಂದು ಅಂಕಿಯನ್ನು ನಂಬಿ ಕೂರುವಂತಿಲ್ಲ.

ಮೆದುಳಿನ ತಳದಲ್ಲಿರುವ, ಬಟಾಣಿ ಕಾಳಿನಷ್ಟೇ ದೊಡ್ಡದಾದ ಪಿಟ್ಯುಟರಿಯು ಟಿಎಸ್‌ಎಚ್ ಸ್ರವಿಸಿ ಕತ್ತಿನ ಥೈರಾಯ್ಡಿನಿಂದ ಕೆಲಸ ಮಾಡಿಸುತ್ತದೆ. ಥೈರಾಯ್ಡ್ ಸೋತು ಅದರ ಹಾರ್ಮೋನಾದ ಟಿ4 ಇಳಿದರೆ ಆರೋಗ್ಯವಂತ ಪಿಟ್ಯುಟರಿ ಟಿಎಸ್‌ಎಚ್ ಅನ್ನು ಏರಿಸುತ್ತದೆ. ಸಾಮಾನ್ಯ ಥೈರಾಯ್ಡ್ ಕೊರತೆ ಪತ್ತೆಯಾಗುವುದು ಹಾಗೆ. ಪಿಟ್ಯುಟರಿಯೇ ಸೋತಿದ್ದರೆ ಟಿ4 ಕುಸಿದಿದ್ದರೂ ಟಿಎಸ್‌ಎಚ್ ತಗ್ಗಿರಬಹುದು, ಮಿತಿಯೊಳಗಿರಬಹುದು, ತುಸು ಹೆಚ್ಚೂ ಇರಬಹುದು. ಏಕೆಂದರೆ ಲ್ಯಾಬಿನ ಯಂತ್ರ ಅಳೆಯುವುದು ಅದರ ಪ್ರಮಾಣವನ್ನೇ ಹೊರತು ಸತ್ವವನ್ನಲ್ಲ, ಕಾಯಿಲೆಬಿದ್ದ ಗ್ರಂಥಿಯ ಟಿಎಸ್‌ಎಚ್‌ನಲ್ಲಿ ಸತ್ವ ಕಡಿಮೆಯಿರುವುದುಂಟು. ಇಲ್ಲಿ ನೋಡಬೇಕಾದದ್ದು ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4.

ಗ್ರಂಥಿಯ ಗಡ್ಡೆ, ಅದರ ಶಸ್ತ್ರಚಿಕಿತ್ಸೆ, ವಿಕಿರಣ, ತಲೆಗೆ ಬಿದ್ದ ಪೆಟ್ಟು, ಹೀಗೆ ಕಾರಣಗಳು ಹಲವು. ಕೊಳಕುಮಂಡಲದ ಕಡಿತದಿಂದ ಬದುಕುಳಿದ ಕೆಲವರಲ್ಲೂ ಪಿಟ್ಯುಟರಿ ಹಾನಿಗೊಂಡಿರುತ್ತದೆ ಎಂಬುದನ್ನು ನಮ್ಮ ಅಡಿಕೆ ತೋಟಗಳ ಕಡೆಯವರು ತಿಳಿದಿರಬೇಕು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಾರಣ. ಗರ್ಭಕಾಲದಲ್ಲಿ ಹಿಗ್ಗಿದ ಪಿಟ್ಯುಟರಿಗೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದಾಗ ರಕ್ತ ಸಾಲದೆ ಅದರ ಜೀವಕೋಶಗಳು ಸಾಯುವುದನ್ನು 1937ರಲ್ಲಿ ಬ್ರಿಟಿಷ್ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ ವಿವರಿಸಿದರು. ಇಂಥ ತಾಯಿಗೆ ಸಾಮಾನ್ಯವಾಗಿ ಎದೆಹಾಲು ಬಂದಿರುವುದಿಲ್ಲ, ಮುಟ್ಟು ಮರಳಿರುವುದಿಲ್ಲ. ಸುಸ್ತನ್ನು ಬಾಣಂತನದ ನಿಶ್ಶಕ್ತಿಯೆಂದುಕೊಂಡು ವರ್ಷಗಳೇ ಕಳೆದುಹೋಗುತ್ತವೆ. ಹಾಲು ಬಂದಿತ್ತೇ, ಮುಟ್ಟು ಮರಳಿತೇ ಎಂಬ ಎರಡು ಪ್ರಶ್ನೆಗಳು ಅನೇಕ ಪರೀಕ್ಷೆಗಳಿಗಿಂತ ಮೊದಲೇ ದಾರಿ ತೋರಿಸುತ್ತವೆ.

ಚಿಕಿತ್ಸೆಗೆ ಇರುವುದು ಸಾಮಾನ್ಯ ಥೈರಾಯ್ಡ್ ಕೊರತೆಗೆ ಕೊಡುವ ಅದೇ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಲೆವೊಥೈರಾಕ್ಸಿನ್, ಆದರೆ ಅವಸರ ಸಲ್ಲದು. ಸೋತ ಪಿಟ್ಯುಟರಿಯಿಂದಾಗಿ, ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಹಾರ್ಮೋನು ಕೂಡ ತಗ್ಗಿರಬಹುದು. ಥೈರಾಯ್ಡ್ ಹಾರ್ಮೋನು ಒಳಹೋದರೆ ಉಳಿದ ಕಾರ್ಟಿಸಾಲ್ ಇನ್ನೂ ಬೇಗ ಕರಗಿ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ಆ ಕೊರತೆಯಿದ್ದರೆ ಕಾರ್ಟಿಸಾಲಿನ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಮೊದಲು, ಥೈರಾಯ್ಡ್ ಮಾತ್ರೆ ಆಮೇಲೆ.

ಮಾತ್ರೆ ಶುರುವಾದ ಮೇಲೆ ಟಿಎಸ್‌ಎಚ್ ಬಹಳ ಕೆಳಗಿಳಿಯುತ್ತದೆ. ಹಿನ್ನೆಲೆ ತಿಳಿಯದವರು 0.02 ಎಂಬ ಅಂಕಿ ಕಂಡು ಡೋಸ್ ಹೆಚ್ಚಾಯಿತೆಂದು ಕಡಿತಗೊಳಿಸಿದರೆ, ಆಕೆಗೆ ಮತ್ತೆ ಅದೇ ಚಳಿ, ಅದೇ ಸುಸ್ತು. ಡೋಸ್ ನಿರ್ಧರಿಸಬೇಕಾದದ್ದು ಫ್ರೀ ಟಿ4 ನೋಡಿ. ಅದು ಸಾಮಾನ್ಯ ಮಿತಿಯ ಮೇಲಿನ ಅರ್ಧದಲ್ಲಿರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಪರೀಕ್ಷೆಯ ದಿನ ಮೊದಲು ರಕ್ತ ಕೊಟ್ಟು, ನಂತರ ಮಾತ್ರೆ ನುಂಗಿ, ಅರ್ಧ ಗಂಟೆಯಾದರೂ ಬಿಟ್ಟು ಗಂಜಿಗೆ ಕೂರಬೇಕು.