ಇ-ಸೈಕಲ್ಲಿನ ದೀಪಕ್ಕೆ ಮುಖ್ಯ ಬ್ಯಾಟರಿಯಿಂದಲೇ ವಿದ್ಯುತ್

ಕಳೆದ ಮಳೆಗಾಲದಲ್ಲಿ, ಊಟದ ಪೊಟ್ಟಣ ತಲುಪಿಸುವ ಯುವಕನೊಬ್ಬ ತನ್ನ ಇ-ಸೈಕಲ್ಲನ್ನು ತಳ್ಳಿಕೊಂಡು ನನ್ನ ವರ್ಕ್‌ಶಾಪಿಗೆ ಬಂದ. “ಸಾರ್, ರಾತ್ರಿ ತನಕ ಲೈಟು ಚೆನ್ನಾಗೇ ಉರೀತಿತ್ತು. ಬೆಳಗ್ಗೆ ಫುಲ್ ಚಾರ್ಜ್ ಮಾಡಿ ಆನ್ ಮಾಡಿದ ತಕ್ಷಣ ಹೋಯ್ತು” ಎಂದ. 12 ವೋಲ್ಟಿನ ಎಲ್‌ಇಡಿ ದೀಪವನ್ನು 36 ವೋಲ್ಟಿನ ಬ್ಯಾಟರಿಗೆ, ವೋಲ್ಟೇಜು ಇಳಿಸುವ ಒಂದು ಸಣ್ಣ ಕನ್ವರ್ಟರ್ ಮೂಲಕ ಅವನೇ ಜೋಡಿಸಿಕೊಂಡಿದ್ದ. ಡಬ್ಬಿ ಬಿಚ್ಚಿದರೆ ಸುಟ್ಟ ವಾಸನೆ. ಸರ್ಕ್ಯೂಟ್ ಹಲಗೆಯ ಮೇಲಿನ ಐಸಿ ಚಿಪ್ಪು ಬಿರುಕು ಬಿಟ್ಟಿತ್ತು, ದೀಪವೂ ಸತ್ತಿತ್ತು.

ಅವನು ಬೆಳಗ್ಗೆಯ ಫುಲ್ ಚಾರ್ಜನ್ನು ಕಾಕತಾಳೀಯ ಎಂದುಕೊಂಡಿದ್ದ. ಆದರೆ ಕಾರಣ ಅದೇ. 36 ವೋಲ್ಟ್ ಎಂಬುದು ಆ ಬ್ಯಾಟರಿಯ ಹೆಸರು ಮಾತ್ರ. ಅದರೊಳಗೆ ಸರಣಿಯಲ್ಲಿರುವ ಹತ್ತು ಲಿಥಿಯಂ ಸೆಲ್‌ಗಳು ಪೂರ್ತಿ ಚಾರ್ಜ್ ಆದಾಗ ತಲಾ 4.2 ವೋಲ್ಟಿಗೆ ಏರುತ್ತವೆ, ಅಂದರೆ ಒಟ್ಟು 42 ವೋಲ್ಟ್. ಬರಿದಾಗುವಾಗ ಅದೇ ಬ್ಯಾಟರಿ 30ರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಸಿಗುವ ಇಂಥ ಕನ್ವರ್ಟರುಗಳಲ್ಲಿರುವ ಎಲ್‌ಎಂ2596 ಐಸಿಯ ಸಾಧಾರಣ ಮಾದರಿಯನ್ನು 40 ವೋಲ್ಟಿನವರೆಗಿನ ಬಳಕೆಗಷ್ಟೇ ರೂಪಿಸಲಾಗಿದೆ. ಅರ್ಧ ಚಾರ್ಜಿನಲ್ಲಿ ಜೋಡಿಸಿದಾಗ ಎಲ್ಲವೂ ಸರಿಯಿದ್ದಂತೆ ಕಂಡು, ಬ್ಯಾಟರಿ ತುಂಬಿದ ದಿನ ಅದು ಕೈಕೊಡುವುದು ಇದರಿಂದ. ಇಂಥ ಕನ್ವರ್ಟರಿನ ಒಳಸ್ವಿಚ್ಚು ಶಾರ್ಟ್ ಆಗಿ ಕೆಟ್ಟರೆ ಬ್ಯಾಟರಿಯ ಪೂರ್ತಿ ವೋಲ್ಟೇಜು ನೇರವಾಗಿ ದೀಪಕ್ಕೆ ನುಗ್ಗುತ್ತದೆ. ಇಲ್ಲಿ ಆದದ್ದೂ ಅದೇ. 48 ವೋಲ್ಟಿನ, ಹದಿಮೂರು ಸೆಲ್‌ಗಳ ಬ್ಯಾಟರಿ 54.6 ವೋಲ್ಟ್ ಮುಟ್ಟುವುದರಿಂದ, ಅದಕ್ಕೆ 60 ವೋಲ್ಟಿನ ಕನ್ವರ್ಟರ್ ಕೂಡ ನನಗೆ ತೀರಾ ಅಂಚಿನದೆನಿಸುತ್ತದೆ; 72 ವೋಲ್ಟ್ ತಡೆಯುವುದನ್ನೇ ಹಾಕುತ್ತೇನೆ.

ಕನ್ವರ್ಟರಿನ ತಂಟೆಯೇ ಬೇಡವೆಂದು ಕೆಲವರು ಬ್ಯಾಟರಿಯ ಹೊದಿಕೆ ಬಿಚ್ಚಿ, ಕೆಳಗಿನ ಮೂರು ಸೆಲ್‌ಗಳಿಂದ ನೇರವಾಗಿ 12 ವೋಲ್ಟ್ ಎಳೆದುಕೊಳ್ಳುತ್ತಾರೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಆ ಮೂರು ಸೆಲ್‌ಗಳು ಉಳಿದವುಗಳಿಗಿಂತ ಬೇಗ ಬರಿದಾಗಿ ಸಮತೋಲನ ತಪ್ಪುತ್ತದೆ, ಜೊತೆಗೆ ಸೆಲ್‌ಗಳನ್ನು ಕಾಯುವ ಬ್ಯಾಟರಿಯೊಳಗಿನ ಸರ್ಕ್ಯೂಟಾದ ಬಿಎಂಎಸ್‌ನ ಕಾವಲನ್ನು ತಪ್ಪಿಸಿ ಕರೆಂಟು ಹರಿಯುತ್ತದೆ. ವೈರು ತೆಗೆಯಬೇಕಾದದ್ದು ಬಿಎಂಎಸ್ ದಾಟಿದ ಮೇಲೆ, ಮೋಟಾರನ್ನು ನಡೆಸುವ ಕಂಟ್ರೋಲರಿಗೆ ಹೋಗುವ ಮುಖ್ಯ ಕನೆಕ್ಟರಿನ ಬಳಿ.

ಅಲ್ಲಿಂದ ಅಂಗೈಯಗಲದ ದೂರದೊಳಗೆ ಫ್ಯೂಸ್ ಇರಬೇಕು. 6 ವ್ಯಾಟಿನ ದೀಪಕ್ಕೆ 36 ವೋಲ್ಟಿನ ಕಡೆಯಿಂದ ಬೇಕಾಗುವುದು ಸುಮಾರು 0.2 ಆಂಪಿಯರ್ ಮಾತ್ರ. ಆದರೆ ವೈರು ಫ್ರೇಮಿಗೆ ಉಜ್ಜಿ ಶಾರ್ಟ್ ಆದರೆ ಅದೇ ಬ್ಯಾಟರಿ ಹತ್ತಾರು ಆಂಪಿಯರ್ ಸುರಿಯಬಲ್ಲದು, ಆಗ ದೀಪದ ಸಪೂರ ವೈರು ಹೀಟರಿನ ಕಾಯಿಲ್ಲಿನಂತೆ ಕಾಯುತ್ತದೆ. 2 ಆಂಪಿಯರಿನ ಫ್ಯೂಸ್ ಸಾಕು. ಕಾರುಗಳಲ್ಲಿ ಬಳಸುವ ಸಾಮಾನ್ಯ ಬ್ಲೇಡ್ ಫ್ಯೂಸ್‌ಗಳ ಮಿತಿ 32 ವೋಲ್ಟ್ ಎಂಬುದನ್ನು ಮೆಕ್ಯಾನಿಕ್‌ಗಳೂ ಮರೆಯುತ್ತಾರೆ. 58 ವೋಲ್ಟಿನವನ್ನೇ ಕೇಳಿ ಕೊಳ್ಳಬೇಕು.

ಸ್ವಿಚ್ಚನ್ನು ಕನ್ವರ್ಟರಿನ ಹಿಂದೆ, ಬ್ಯಾಟರಿಯ ಕಡೆಗೆ ಇಡುವುದು ಮೇಲು. ದೀಪ ಆರಿದ್ದರೂ ಕನ್ವರ್ಟರ್ ತನ್ನಷ್ಟಕ್ಕೆ ಹತ್ತು ಮಿಲಿಆಂಪಿಯರ್ ಹೀರುತ್ತಿದ್ದರೆ, 10 ಆಂಪಿಯರ್-ಅವರ್ ಬ್ಯಾಟರಿ ನಲವತ್ತು ದಿನಗಳ ಆಸುಪಾಸಿನಲ್ಲಿ ಖಾಲಿ. ಊರಿಗೆ ಹೋಗಿ ಬಂದವರು “ನಿಲ್ಲಿಸಿದ್ದ ಗಾಡಿ ಚಾರ್ಜೇ ಇಲ್ಲ” ಎನ್ನುವುದು ಹಲವು ಸಲ ಇದರಿಂದಲೇ.

ದೀಪ ಹಾಕಿದರೆ ಓಟ ಕಡಿಮೆಯಾಗುತ್ತದೆಂಬ ಭಯ ಮಾತ್ರ ಅನಗತ್ಯ. ಆ ಬ್ಯಾಟರಿಯ ಸಂಗ್ರಹ 360 ವ್ಯಾಟ್-ಅವರ್. ಮೂರು ಗಂಟೆ ದೀಪ ಉರಿದರೆ, ಕನ್ವರ್ಟರಿನ ನಷ್ಟವೂ ಸೇರಿ, ಖರ್ಚಾಗುವುದು 20. ಮೋಟಾರಿನ ಲೆಕ್ಕದಲ್ಲಿ ಅದು ಎರಡು ಕಿಲೋಮೀಟರಿನಷ್ಟು.

ಆ ಯುವಕನಿಗೆ ಮುಚ್ಚಿದ ಡಬ್ಬಿಯ ಬೇರೆ ಕನ್ವರ್ಟರ್ ಹಾಕಿ, ನೀರು ವೈರಿನಗುಂಟ ಹರಿದು ಒಳಹೋಗದಂತೆ ವೈರನ್ನು ಕೆಳಕ್ಕೆ ಬಾಗಿಸಿ ಮೇಲಕ್ಕೆ ತಂದೆ. ಹೊರಬರುವ ವೋಲ್ಟೇಜನ್ನು ಮೀಟರಿನಲ್ಲಿ ನೋಡಿದ ಮೇಲೆಯೇ ದೀಪ ಜೋಡಿಸಿದೆ. ವಾರದ ನಂತರ ಸ್ಕೂಟರಿನ ಹಾರ್ನ್ ಹಿಡಿದು ಮತ್ತೆ ಬಂದ. ಅದು ಒತ್ತಿದಾಗಲೆಲ್ಲ ಎರಡು-ಮೂರು ಆಂಪಿಯರ್ ಬೇಡುವುದರಿಂದ ದೀಪ ಮಂಕಾಗುತ್ತದೆಂದು ವಿವರಿಸಿ, ಎಲೆಕ್ಟ್ರಾನಿಕ್ ಬಜರ್ ಹಾಕಿಕೊಟ್ಟೆ. “ಸದ್ದು ಸ್ವಲ್ಪ ಕಮ್ಮಿ ಆಯ್ತಲ್ಲ ಸಾರ್” ಎನ್ನುತ್ತಲೇ ಹೋದ.