ಹೊಸಬರ ಸಂಬಳ ಕಡಿಮೆಯಾದರೆ ಹಳಬರ ಸಂಘಕ್ಕೇನು ಚಿಂತೆ?

ಪ್ರಶ್ನೆ: ಇನ್ನು ಮುಂದೆ ಸೇರುವ ಕ್ಯಾಬಿನ್ ಸಿಬ್ಬಂದಿಗೆ ಮಾತ್ರ ಕಡಿಮೆ ಸಂಬಳದ ಒಪ್ಪಂದ, ಈಗಿರುವವರ ಸಂಬಳಕ್ಕೆ ಕೈ ಹಚ್ಚುವುದಿಲ್ಲ ಎಂದು ವಿಮಾನ ಕಂಪನಿ ಹೇಳಿದ ಮೇಲೂ ಹಳಬರ ಸಂಘ ಮುಷ್ಕರಕ್ಕೆ ಇಳಿಯುವುದು ಏಕೆ?

ಉತ್ತರ: ಯಲಹಂಕ, ಸಹಕಾರನಗರ, ಕೊಡಿಗೇಹಳ್ಳಿಯ ಕಡೆ ಮನೆ ಮಾಡಿಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವ ಸಿಬ್ಬಂದಿಯ ಮನೆಯವರೂ ಈ ಪ್ರಶ್ನೆಯನ್ನು ಕೇಳುತ್ತಾರೆ. ಹಳಬರ ಒಪ್ಪಂದದ ಒಂದು ಅಕ್ಷರವನ್ನೂ ಬದಲಿಸದೆ ಅವರ ಸಂಪಾದನೆಯನ್ನು ಇಳಿಸಲು ಸಾಧ್ಯವಿದೆ ಎಂಬುದೇ ಇದಕ್ಕೆ ಉತ್ತರ.

ಕ್ಯಾಬಿನ್ ಸಿಬ್ಬಂದಿಯ ಸಂಬಳದ ಚೀಟಿಯಲ್ಲಿ ನಿಗದಿತ ವೇತನ ಒಂದು ಭಾಗ ಮಾತ್ರ. ಉಳಿದದ್ದು ಹಾರಾಟದ ಗಂಟೆಗಳ ಭತ್ಯೆ ಮತ್ತು ಹೊರ ಊರಿನಲ್ಲಿ ತಂಗಿದಾಗ ಸಿಗುವ ಲೇಓವರ್ ಭತ್ಯೆ. ಗಂಟೆಯ ಲೆಕ್ಕ ಸಾಮಾನ್ಯವಾಗಿ ವಿಮಾನ ನಿಂತ ಜಾಗದಿಂದ ಕದಲಿದಾಗ ಆರಂಭವಾಗಿ, ಇಳಿದು ಮತ್ತೆ ನಿಂತಾಗ ಮುಗಿಯುತ್ತದೆ. ಬಾಗಿಲಲ್ಲಿ ನಿಂತು ಪ್ರಯಾಣಿಕರನ್ನು ಬರಮಾಡಿಕೊಳ್ಳುವುದು, ತಲೆಯ ಮೇಲಿನ ಗೂಡುಗಳಲ್ಲಿ ಅವರ ಚೀಲಗಳನ್ನು ಹೊಂದಿಸುವುದು, ಹವಾಮಾನದಿಂದ ತಡವಾದರೆ ಅವರನ್ನು ಸಮಾಧಾನಪಡಿಸುತ್ತಾ ಕಾಯುವುದು, ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ತಿಂಗಳ ಕೊನೆಗೆ ಕೈಗೆ ಎಷ್ಟು ಬರುತ್ತದೆ ಎಂಬುದು, ಯಾರು ಯಾವ ವಿಮಾನದಲ್ಲಿ ಹೋಗಬೇಕೆಂದು ಹೇಳುವ ಕರ್ತವ್ಯಪಟ್ಟಿಯಾದ ರೋಸ್ಟರ್‌ನಲ್ಲಿ ಯಾವ ಮಾರ್ಗಗಳು ಬಿದ್ದಿವೆ ಎಂಬುದರ ಮೇಲೆ ನಿಂತಿದೆ. ದೂರದ ಮಾರ್ಗ ಸಿಕ್ಕವರಿಗೆ ಗಂಟೆಗಳೂ ಉಂಟು, ಲೇಓವರ್ ಭತ್ಯೆಯೂ ಉಂಟು. ಸ್ಟ್ಯಾಂಡ್‌ಬೈ (ಕರೆ ಬಂದರೆ ಹೊರಡಲು ಸಿದ್ಧವಾಗಿ ಕಾಯುವ ಪಾಳಿ) ಮತ್ತು ಸಣ್ಣ ಮಾರ್ಗಗಳಲ್ಲೇ ತಿಂಗಳು ಕಳೆದವರಿಗೆ ಎರಡೂ ಕಡಿಮೆ. ಆ ರೋಸ್ಟರ್ ಬರೆಯುವ ಅಧಿಕಾರ ಕಂಪನಿಯದು. ಅದೇ ಕೆಲಸವನ್ನು ಅಗ್ಗಕ್ಕೆ ಮಾಡುವ ಇನ್ನೊಂದು ಪಡೆ ಸಿದ್ಧವಾದಾಗ, ಲಾಭದ ಮಾರ್ಗಗಳನ್ನು ಒಂದೊಂದಾಗಿ ಆ ಪಡೆಗೆ ದಾಟಿಸುವುದಕ್ಕೆ ಹಳಬರ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ.

ಬ್ರಿಟಿಷ್ ಏರ್‌ವೇಸ್‌ನ ವಿವಾದದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 2008-09ರಲ್ಲಿ 40.1 ಕೋಟಿ ಪೌಂಡ್, ಮರುವರ್ಷ 53.1 ಕೋಟಿ ಪೌಂಡ್ ನಷ್ಟ ತೋರಿಸಿದ ಆ ಕಂಪನಿ 2009ರ ನವೆಂಬರ್‌ನಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಹೊರಡುವ ದೂರದ ವಿಮಾನಗಳಲ್ಲಿ ಸಿಬ್ಬಂದಿಯ ಸಂಖ್ಯೆಯನ್ನು ಇಳಿಸಿತು. ಹೊಸಬರಿಗಾಗಿ ‘ಮಿಕ್ಸೆಡ್ ಫ್ಲೀಟ್’ ಎಂಬ ಪ್ರತ್ಯೇಕ, ಅಗ್ಗದ ಪಡೆಯನ್ನು ಕಟ್ಟುವ ಯೋಜನೆಯನ್ನೂ ಮುಂದಿಟ್ಟಿತು. ಕ್ಯಾಬಿನ್ ಸಿಬ್ಬಂದಿಯ ಕಾರ್ಮಿಕ ಸಂಘವಾದ ಯುನೈಟ್‌ನ ಸದಸ್ಯರು 2010ರಲ್ಲಿ ಒಟ್ಟು 22 ದಿನ ಮುಷ್ಕರ ಹೂಡಿದರು. ಮುಷ್ಕರಕ್ಕೆ ಹೋದವರ ರಿಯಾಯಿತಿ ಪ್ರಯಾಣದ ಸೌಲಭ್ಯವನ್ನು ಕಂಪನಿ ಕಿತ್ತುಕೊಂಡಿತು, 2011ರಲ್ಲಿ ರಾಜಿಯಾದ ಮೇಲಷ್ಟೇ ಅದು ಮರಳಿತು. ಮಿಕ್ಸೆಡ್ ಫ್ಲೀಟ್ ಮಾತ್ರ ನಿಲ್ಲಲಿಲ್ಲ. ಕಂಪನಿಯ ನಷ್ಟ ನಿಜವಾಗಿತ್ತು, ಪೈಪೋಟಿಯೂ ನಿಜವಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮುಂದೆ ನಡೆದದ್ದು ಸಂಘದ ಭಯ ಸುಳ್ಳಲ್ಲವೆಂದು ತೋರಿಸಿತು. 2017ರಲ್ಲಿ ಅದೇ ಮಿಕ್ಸೆಡ್ ಫ್ಲೀಟ್‌ನವರು, ಅಂದರೆ ಯಾರ ಸೇರ್ಪಡೆಯನ್ನು ಹಳಬರು ವಿರೋಧಿಸಿದ್ದರೋ ಅವರೇ, ಈ ಸಂಬಳದಲ್ಲಿ ಬದುಕಲಾಗದು ಎಂದು ಹಲವು ಕಂತುಗಳಲ್ಲಿ ಮುಷ್ಕರ ಮಾಡಿದರು. 2020ರಲ್ಲಿ ಕೊರೊನಾದಿಂದ ಹಾರಾಟ ನಿಂತಾಗ ಕಂಪನಿ ಎಲ್ಲ ಪಡೆಗಳನ್ನೂ ಒಂದಾಗಿಸಿತು. ಹಳಬರು ಹೊಸ ಷರತ್ತುಗಳನ್ನು ಒಪ್ಪಬೇಕಾಯಿತು, ಇಲ್ಲವೇ ಕೆಲಸ ಬಿಡಬೇಕಾಯಿತು. ಹಳಬರಿಗೆ ಏನೂ ಆಗದು ಎಂಬ ಮಾತು ಹತ್ತೇ ವರ್ಷ ಬಾಳಿತು.

ನಮ್ಮಲ್ಲಿ ಕಾನೂನು ಇದನ್ನು ತಡೆಯುವುದಿಲ್ಲವೇ ಎಂದರೆ, ಅರ್ಧ ಮಾತ್ರ ತಡೆಯುತ್ತದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕೆಲಸದಲ್ಲಿರುವವರ ವೇತನ, ಭತ್ಯೆ, ಕೆಲಸದ ವೇಳೆ ಮುಂತಾದವನ್ನು ಬದಲಿಸುವ ಮೊದಲು ಮಾಲೀಕರು ನೋಟಿಸ್ ಕೊಟ್ಟು 21 ದಿನ ಕಾಯಬೇಕು. ಹಿಂದಿನ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದೇ ನಿಯಮವಿತ್ತು. ಇನ್ನೂ ಸೇರದಿರುವವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಆದ್ದರಿಂದಲೇ ಕಂಪನಿಗಳು ಬದಲಾವಣೆಯನ್ನು ಹೊಸಬರಿಂದ ಆರಂಭಿಸುತ್ತವೆ. ಅವಧಿ ನಿಗದಿಯಾದ ಗುತ್ತಿಗೆಯ ನೌಕರರಿಗೆ ಅದೇ ಕೆಲಸದ ಕಾಯಂ ನೌಕರರಿಗಿಂತ ಕಡಿಮೆ ವೇತನ ಕೊಡುವಂತಿಲ್ಲ ಎಂದು ಸಂಹಿತೆ ಹೇಳುತ್ತದೆ, ಇದು ಒಳ್ಳೆಯ ನಿಯಮ. ಆದರೆ ಹಳೆಯ ಕಾಯಂ ನೌಕರ ಮತ್ತು ಹೊಸ ಕಾಯಂ ನೌಕರರ ನಡುವಿನ ಅಂತರಕ್ಕೆ ಅದು ಮದ್ದಲ್ಲ. ಇನ್ನು ಮುಷ್ಕರಕ್ಕೆ 14 ದಿನ ಮುಂಚಿತವಾಗಿ ನೋಟಿಸ್ ಕಡ್ಡಾಯ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ.

ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. ಇಲ್ಲೇ ಮುಖ್ಯ ಕಚೇರಿ ಹೊಂದಿದ್ದ ಏರ್‌ಏಷ್ಯಾ ಇಂಡಿಯಾ, ಮುಂದೆ ಎಐಎಕ್ಸ್ ಕನೆಕ್ಟ್ ಎಂದು ಹೆಸರು ಬದಲಿಸಿ, 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ವಿಲೀನವಾಯಿತು. ಆ ವಿಲೀನದ ಸಿದ್ಧತೆ ನಡೆದಿರುವಾಗಲೇ, 2024ರ ಮೇ ತಿಂಗಳಲ್ಲಿ, ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ವೇತನ ಮತ್ತು ತಾರತಮ್ಯದ ದೂರುಗಳನ್ನು ಮುಂದಿಟ್ಟು ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು, ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕಂಪನಿ 25 ಮಂದಿಯನ್ನು ವಜಾ ಮಾಡಿತು. ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಕಚೇರಿಯ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಗಿ ವಜಾ ಆದೇಶ ಹಿಂದಕ್ಕೆ ಹೋಯಿತು. ವಿಮಾನಯಾನದ ವಿವಾದಗಳು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವುದರಿಂದ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಇವು ತೀರ್ಮಾನವಾಗುವುದಿಲ್ಲ.

ಮನೆಯ ಮಗಳೋ ಮಗನೋ ಈ ಕೆಲಸಕ್ಕೆ ಸೇರುವವರಿದ್ದರೆ, ಜಾಹೀರಾತಿನ ಒಟ್ಟು ಮೊತ್ತವನ್ನು ನೋಡಿ ನಿಲ್ಲಬೇಡಿ. ಅದರಲ್ಲಿ ನಿಗದಿತ ವೇತನ ಎಷ್ಟು, ರೋಸ್ಟರ್‌ನಲ್ಲಿ ಗಂಟೆಗಳು ಬೀಳದಿದ್ದರೂ ತಿಂಗಳಿಗೆ ಇಂತಿಷ್ಟು ಗಂಟೆಗಳ ಭತ್ಯೆ ಖಾತರಿಯೇ, ಅದೇ ವಿಮಾನದಲ್ಲಿ ಅದೇ ಹುದ್ದೆಯಲ್ಲಿರುವ ಹಳಬರಿಗೂ ಇದೇ ದರವೇ ಎಂಬ ಮೂರನ್ನೂ ಸಹಿ ಹಾಕುವ ಮೊದಲು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳಿತು.